ಕಸ ಎಳೆಯುವ ಮುಂಚೆ ಓದಿ: ಹಸುವಿನ ಮಾಸು ಗರ್ಭಕೋಶಕ್ಕೆ ಅಂಟುವುದು ಹೇಗೆ?



ಈ ವಾರ ಹಸುವಿನ ಹೊಟ್ಟೆಯೊಳಗೆ ನಡೆಯುವ ಒಂದು ವಿಷಯ. ಕರು ಹಾಕಿದ ಮೇಲೆ ಬೀಳುತ್ತಲ್ಲ, ಆ ಕಸ. ಕೆಲವು ಕಡೆ ಮಾಸು ಅಂತಾರೆ, ಕೆಲವು ಕಡೆ ಸತ್ತೆ ಅಂತಾರೆ. ಅದು ಬೀಳುವುದನ್ನು ನೀವೆಲ್ಲ ನೋಡಿರುತ್ತೀರಿ. ಆದರೆ ಅದು ಗರ್ಭಕೋಶಕ್ಕೆ ಯಾವಾಗ ಅಂಟಿಕೊಂಡಿತು, ಹೇಗೆ ಅಂಟಿಕೊಂಡಿತು ಅಂತ ಯೋಚಿಸಿದವರು ಕಡಿಮೆ. ನಾನೂ ಯೋಚಿಸಿರಲಿಲ್ಲ. ಅದಕ್ಕೆ ದಂಡ ಕಟ್ಟಿದ್ದೇನೆ.

ನಮ್ಮದು ಕಡಕೊಳ, ಮೈಸೂರು–ನಂಜನಗೂಡು ರಸ್ತೆಯಲ್ಲಿ. ನಮ್ಮ ಕಡೆ ಹುಡುಗರು ಫ್ಯಾಕ್ಟರಿಗೆ ಶಿಫ್ಟಿಗೆ ಹೋಗ್ತಾರೆ, ಬೆಳಿಗ್ಗೆ ಸಂಜೆ ಡೈರಿಗೂ ಹಾಲು ಹಾಕ್ತಾರೆ. ಕೆಲವು ವರ್ಷದ ಹಿಂದೆ ನಮ್ಮ ಎಚ್.ಎಫ್. ಮಿಶ್ರತಳಿ ಹಸು ಎರಡನೇ ಸೂಲಿನಲ್ಲಿ ರಾತ್ರಿ ಹೆಣ್ಣುಕರು ಹಾಕಿತು. ಬೆಳಗಾದರೂ ಕಸ ಬಿದ್ದಿರಲಿಲ್ಲ. "ಕಸ ಬೀಳೋಗಂಟ ಕರುಗೆ ಹಾಲು ಬುಡಬ್ಯಾಡ ಕಣಪ್ಪ" ಅಂದರು ಅಜ್ಜಿ. ಹಿರಿಯರ ಮಾತು, ಸರಿ ಅಂದುಕೊಂಡೆ. ಕರು ಮಧ್ಯಾಹ್ನದವರೆಗೂ ಉಪವಾಸ. ಮಧ್ಯಾಹ್ನ ಕೈ ಹಾಕಿ ಕಸ ತೆಗೆಯುವವರೊಬ್ಬರನ್ನು ನಾನೇ ಕರೆದುಕೊಂಡು ಬಂದೆ. ಅರ್ಧ ಗಂಟೆ ಎಳೆದರು. ಕಸ ಬಂತು, ಪೂರ್ತಿ ಬರಲಿಲ್ಲ, ಜೊತೆಗೆ ರಕ್ತ ಬಂತು.

ಮೂರನೇ ದಿನ ಹಸುವಿಗೆ ಜ್ವರ. ಮೇವು ಬಿಟ್ಟಿತು, ಹಿಂದಿನಿಂದ ಕೆಟ್ಟ ವಾಸನೆ, ಹಾಲು ಇಳಿದುಹೋಯಿತು. ಒಂದು ವರ್ಷ ಅದು ಗಬ್ಬ ಕಟ್ಟಲಿಲ್ಲ, ಕೊನೆಗೆ ಸಿಕ್ಕಿದ ಬೆಲೆಗೆ ಮಾರಿದೆವು. ಕರು ಹತ್ತನೇ ದಿನಕ್ಕೆ ಭೇದಿಯಿಂದ ಸತ್ತಿತು.

ಆಮೇಲೆ ಒಬ್ಬ ಪಶುವೈದ್ಯರು ನನಗೆ ಪಾಠ ಹೇಳಿಕೊಟ್ಟರು. ಪಕ್ಕದ ಮನೆ ಹಸು ತಾನಾಗಿ ಹಾಕಿದ್ದ ಕಸವನ್ನು ಗ್ಲೌಸ್ ಹಾಕಿಕೊಂಡು ಗೋಣಿಚೀಲದ ಮೇಲೆ ಹರಡಿದರು. ತೆಳ್ಳಗಿನ ಪೊರೆ, ಅದರ ತುಂಬ ಕೆಂಪು ಕೆಂಪು ಗುಂಡಿಗಳು. ಎಣಿಸುತ್ತಾ ಹೋದೆವು, ಎಂಬತ್ತು ದಾಟಿತು. "ಇಷ್ಟೂ ಕಡೆ ಅಂಟಿಕೊಂಡಿರುತ್ತೆ. ನೀನು ಒಂದು ತುದಿ ಹಿಡಿದು ಎಳೆದರೆ ಮಿಕ್ಕ ಕಡೆ ಏನಾಗುತ್ತೆ, ನೀನೇ ಹೇಳು" ಅಂದರು.

ಅವತ್ತಿನಿಂದ ಈ ವಿಷಯ ಓದುತ್ತಾ, ಕೇಳುತ್ತಾ ಬಂದೆ. ತಿಳಿದದ್ದನ್ನು ಮೊದಲ ದಿನದಿಂದ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಏನು ಮಾಡಬೇಕು ಅನ್ನುವುದು ಕೊನೆಯ ಭಾಗದಲ್ಲಿದೆ. ಆದರೆ ಮೊದಲ ಭಾಗ ಓದಿದರೆ ಯಾಕೆ ಮಾಡಬೇಕು ಅನ್ನುವುದು ಗೊತ್ತಾಗುತ್ತೆ.

ಮಾಸು ಹಸುವಿನದಲ್ಲ, ಕರುವಿನದು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮಾಸು ಗರ್ಭಕೋಶದ ಒಂದು ಭಾಗ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ಅದು ಕರು ಹುಟ್ಟಿದ ಅದೇ ಮೊಟ್ಟೆಯಿಂದ ಬೆಳೆದದ್ದು. ಹಾಗಾಗಿ ಮಾಸಿನಲ್ಲೂ ಅರ್ಧ ಗುಣ ಹಸುವಿನದು, ಅರ್ಧ ಗುಣ ಹೋರಿಯದು.

ಸೆಮೆನ್ ಹಾಕಿಸಿದ ಮೇಲೆ ವೀರ್ಯಾಣು ಮತ್ತು ಅಂಡಾಣು ಸೇರುವುದು ಗರ್ಭಕೋಶದಲ್ಲಿ ಅಲ್ಲ, ಅದಕ್ಕೆ ಸೇರಿದ ಅಂಡನಾಳದಲ್ಲಿ. ಭ್ರೂಣ ಅಲ್ಲಿಂದ ಇಳಿದು ನಾಲ್ಕೈದು ದಿನಕ್ಕೆ ಗರ್ಭಕೋಶ ತಲುಪುತ್ತದೆ. ಏಳೆಂಟು ದಿನಕ್ಕೆ ಅದು ನೀರು ತುಂಬಿದ ಪುಟ್ಟ ಗುಳ್ಳೆಯ ಹಾಗೆ ಆಗುತ್ತದೆ. ಅಗಲ ಒಂದು ಮಿಲಿಮೀಟರಿನ ಐದನೇ ಒಂದು ಭಾಗ, ರಾಗಿ ಕಾಳಿಗಿಂತಲೂ ಎಷ್ಟೋ ಚಿಕ್ಕದು. ಅಷ್ಟರಲ್ಲೇ ಜೀವಕೋಶಗಳು ಕೆಲಸ ಹಂಚಿಕೊಂಡಿರುತ್ತವೆ. ಒಳಗಿನ ಗುಂಪು ಮುಂದೆ ಕರು ಆಗುತ್ತದೆ. ಹೊರಗಿನ ಪದರ ಮುಂದೆ ಮಾಸು ಆಗುತ್ತದೆ.

ಈ ಗುಳ್ಳೆಯ ಮೇಲೆ ಮೊಟ್ಟೆ ಚಿಪ್ಪಿನಂಥ ಒಂದು ಪೊರೆ ಇರುತ್ತದೆ. ಅದು ಒಡೆಯದೆ ಭ್ರೂಣ ಗರ್ಭಕೋಶವನ್ನು ಮುಟ್ಟಲು ಆಗುವುದಿಲ್ಲ. ಹಸುವಿನಲ್ಲಿ ಒಂಬತ್ತು–ಹತ್ತನೇ ದಿನ ಭ್ರೂಣ ಈ ಪೊರೆಯಿಂದ ಹೊರಗೆ ಬರುತ್ತದೆ. ಹೀಗೆ ಹೊರಬರುವುದು ಹೇಗೆ ಅನ್ನುವುದನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಿ. ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯಲ್ಲಿ ಅಭ್ಯಾಸ ಮಾಡಿದೆ. ಅದರಲ್ಲಿ ಭ್ರೂಣದ ಹೊರಪದರದ ಜೀವಕೋಶಗಳೇ ಪೊರೆಯನ್ನು ಕರಗಿಸುವ ಕಿಣ್ವ ಬಿಡುತ್ತವೆ ಅಂತ ಅವರು ತೋರಿಸಿದರು. ಅಂದರೆ ಮಾಸು ಆಗಬೇಕಾದ ಜೀವಕೋಶಗಳು ಆಗಲೇ ಕೆಲಸ ಶುರು ಮಾಡಿರುತ್ತವೆ.

16ನೇ ದಿನ: ಸುದ್ದಿ ಮುಟ್ಟಿಸುವ ಹೊತ್ತು

ಪೊರೆಯಿಂದ ಹೊರಬಂದ ಹಸುವಿನ ಭ್ರೂಣ ತಕ್ಷಣ ಎಲ್ಲೂ ಅಂಟುವುದಿಲ್ಲ. ತೇಲುತ್ತಾ ಉದ್ದವಾಗುತ್ತಾ ಹೋಗುತ್ತದೆ. ಮೊದಲು ದುಂಡಗೆ, ಆಮೇಲೆ ಮೊಟ್ಟೆ ಆಕಾರ, ಆಮೇಲೆ ಕೊಳವೆ, ಹದಿನಾರು–ಹದಿನೇಳನೇ ದಿನಕ್ಕೆ ಸುಮಾರು ಗೇಣುದ್ದದ ದಾರ. ಆಗ ಕರು ಆಗಬೇಕಾದ ಭಾಗ ಒಂದು ಚುಕ್ಕೆಯಷ್ಟೇ. ಮಿಕ್ಕಿದ್ದೆಲ್ಲ ಮಾಸಿನ ಪದರ.

ಯಾಕೆ ಇಷ್ಟು ಅವಸರದಲ್ಲಿ ಉದ್ದ ಆಗಬೇಕು? ಹಸುವಿಗೆ 21 ದಿನಕ್ಕೊಮ್ಮೆ ಬೆದೆ ಬರುತ್ತದೆ ಅಂತ ನಿಮಗೆ ಗೊತ್ತು. ಗಬ್ಬ ಇಲ್ಲದಿದ್ದರೆ ಹದಿನಾರು–ಹದಿನೇಳನೇ ದಿನದ ಹೊತ್ತಿಗೆ ಗರ್ಭಕೋಶವು ಪ್ರೊಸ್ಟಾಗ್ಲ್ಯಾಂಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಅಂಡಾಶಯದ ಮೇಲಿರುವ ಹಳದಿ ಗಂಟನ್ನು ಕರಗಿಸುತ್ತದೆ. ಆ ಗಂಟು ಕರಗಿದರೆ ಗರ್ಭ ನಿಲ್ಲಿಸುವ ಪ್ರೊಜೆಸ್ಟರಾನ್ ನಿಂತುಹೋಗಿ ಹಸು ಮತ್ತೆ ಬೆದೆಗೆ ಬರುತ್ತದೆ. ಹಾಗಾಗಿ ಅದಕ್ಕೆ ಮುಂಚೆಯೇ ಭ್ರೂಣ "ನಾನಿದ್ದೇನೆ" ಅಂತ ತಾಯಿಗೆ ತಿಳಿಸಬೇಕು. ಮಾಸಿನ ಪದರ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಟ್ಟು ಈ ಸುದ್ದಿ ಮುಟ್ಟಿಸುತ್ತದೆ. ಈ ಪ್ರೋಟೀನು ಇಂಟರ್‌ಫೆರಾನ್ ಜಾತಿಗೆ ಸೇರಿದ್ದು ಅಂತ 1987ರಲ್ಲಿ ಕುರಿಯ ಭ್ರೂಣದಿಂದ ಗೊತ್ತಾಯಿತು. ದಾರ ಉದ್ದ ಇದ್ದಷ್ಟೂ ಸುದ್ದಿ ಗರ್ಭಕೋಶದ ಹೆಚ್ಚು ಜಾಗ ತಲುಪುತ್ತದೆ. ಭ್ರೂಣ ಸೊರಗಿ ದಾರ ಗಿಡ್ಡವಾದರೆ ಸುದ್ದಿ ಸಾಲದೆ ಹೋಗಿ ಗಬ್ಬ ನಿಲ್ಲದೆ ಹೋಗಬಹುದು. ನಾವು ಆಗ "ಕಟ್ಟಲಿಲ್ಲ, ತಿರುಗಾ ಬೆದೆಗೆ ಬಂತು" ಅಂತೀವಿ. ಎಷ್ಟೋ ಸಲ ಗಬ್ಬ ಕಟ್ಟಿರುತ್ತದೆ, ಎರಡು ವಾರ ಕಳೆಯುವಷ್ಟರಲ್ಲಿ ನಮಗೆ ಗೊತ್ತಾಗದ ಹಾಗೆ ಹೋಗಿಬಿಟ್ಟಿರುತ್ತದೆ.

20ನೇ ದಿನದಿಂದ: ಕೊರೆಯದೆ ಬೆರೆಯುವ ಜೀವಕೋಶ

ಹತ್ತೊಂಬತ್ತು–ಇಪ್ಪತ್ತನೇ ದಿನದಿಂದ ಮಾಸಿನ ಪದರ ಗರ್ಭಕೋಶದ ಒಳಗೋಡೆಗೆ ಅಂಟತೊಡಗುತ್ತದೆ. ಇಲ್ಲಿ ನಡೆಯುವುದೇ ಇವತ್ತಿನ ಪಾಠದ ಮುಖ್ಯ ಭಾಗ.

ಹಸುವಿನ ಮಾಸಿನಲ್ಲಿ ಒಂದು ವಿಶೇಷ ಜೀವಕೋಶ ಇದೆ. ಸಾಮಾನ್ಯ ಜೀವಕೋಶಕ್ಕೆ ಒಂದು ನ್ಯೂಕ್ಲಿಯಸ್, ಅಂದರೆ ಒಂದು ಕೇಂದ್ರ. ಇದಕ್ಕೆ ಎರಡು. ಮಾಸಿನ ಹೊರಪದರದಲ್ಲಿ ನೂರಕ್ಕೆ 15ರಿಂದ 20ರಷ್ಟು ಇಂಥ ಜೋಡಿ ಕೇಂದ್ರದ ಜೀವಕೋಶಗಳು. ಇವು ತಮ್ಮ ಸಾಲು ಬಿಟ್ಟು ಗರ್ಭಕೋಶದ ಕಡೆ ಸರಿದು, ಅಲ್ಲಿನ ತಾಯಿಯ ಒಂದು ಜೀವಕೋಶದ ಜೊತೆ ಬೆರೆತು ಒಂದೇ ಆಗಿಬಿಡುತ್ತವೆ. ಎರಡು ಕೇಂದ್ರ ಕರುವಿನದು, ಒಂದು ಕೇಂದ್ರ ತಾಯಿಯದು, ಒಟ್ಟು ಮೂರು ಕೇಂದ್ರದ ಹೊಸ ಜೀವಕೋಶ. ತಾಯಿ ಮತ್ತು ಕರು ಎರಡೂ ಸೇರಿ ಆದದ್ದು. ಇಂಗ್ಲೆಂಡಿನ ಎಫ್. ಬಿ. ಪಿ. ವುಡಿಂಗ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ವರ್ಷಗಟ್ಟಲೆ ನೋಡಿ ವಿವರಿಸಿದರು. ಕುರಿ, ಮೇಕೆಯಲ್ಲೂ ಹೀಗೇ ಬೆರೆಯುತ್ತವೆ, ಆದರೆ ಅಲ್ಲಿ ಹೆಚ್ಚು ಜೀವಕೋಶಗಳು ಸೇರಿ ದೊಡ್ಡ ತೇಪೆಗಳಾಗುತ್ತವೆ.

ಹೀಗೆ ಬೆರೆತ ಜೀವಕೋಶ ತಾಯಿಯ ಕಡೆಗೆ ಹಾರ್ಮೋನು, ಪ್ರೋಟೀನುಗಳನ್ನು ಬಿಡುತ್ತದೆ. ಅವು ತಾಯಿಯ ರಕ್ತಕ್ಕೆ ಸೇರುತ್ತವೆ. ಅದರಲ್ಲಿ ಒಂದು ಗುಂಪಿಗೆ ಪಿ.ಎ.ಜಿ. ಅಂತ ಹೆಸರು. ಸುಮಾರು 28 ದಿನ ಕಳೆದ ಮೇಲೆ ರಕ್ತದಲ್ಲೋ ಹಾಲಲ್ಲೋ ಇದನ್ನು ಹುಡುಕಿ ಗಬ್ಬ ಹೇಳುವ ಪರೀಕ್ಷೆಗಳು ಬಂದಿವೆ. ಹೆಂಗಸರ ಮೂತ್ರ ಪರೀಕ್ಷೆಯ ಪಟ್ಟಿಯನ್ನು ಹಸುವಿನ ಮೂತ್ರಕ್ಕೆ ಅದ್ದಿ ನೋಡುವ ವಿಡಿಯೋ ನೀವು ನೋಡಿರಬಹುದು. ಅದು ಪ್ರಯೋಜನವಿಲ್ಲ. ಆ ಪಟ್ಟಿ ಹುಡುಕುವ ಎಚ್.ಸಿ.ಜಿ. ಹಾರ್ಮೋನ್ ಹಸುವಿನ ಮಾಸಿನಿಂದ ಬರುವುದೇ ಇಲ್ಲ.

ಇಷ್ಟಾದರೂ ಗಮನಿಸಿ, ಈ ಜೀವಕೋಶಗಳು ಗರ್ಭಕೋಶದ ಮೇಲ್ಪದರದಲ್ಲೇ ನಿಲ್ಲುತ್ತವೆ. ಅದನ್ನು ದಾಟಿ ಆಳಕ್ಕೆ ಇಳಿಯುವುದಿಲ್ಲ, ತಾಯಿಯ ರಕ್ತನಾಳವನ್ನು ಒಡೆಯುವುದಿಲ್ಲ.

ಗುಂಡಿ ಮತ್ತು ಕಾಜ

ಮೇಲ್ಪದರದಲ್ಲೇ ನಿಂತರೆ ಮೂವತ್ತು ಕೆಜಿ ಕರುವನ್ನು ಒಂಬತ್ತು ತಿಂಗಳು ಸಾಕುವುದು ಹೇಗೆ? ಅದಕ್ಕೇ ಗುಂಡಿಗಳು. ಗರ್ಭಕೋಶದ ಒಳಗೋಡೆಯಲ್ಲಿ 70ರಿಂದ 120ರಷ್ಟು ಉಬ್ಬುಗಳು ಹಸು ಹುಟ್ಟುವಾಗಿನಿಂದಲೇ ಇರುತ್ತವೆ. ಸುಮಾರು ಒಂದು ತಿಂಗಳಾದ ಮೇಲೆ, ಮಾಸಿನ ಪದರ ಇಂಥ ಉಬ್ಬುಗಳ ಎದುರಿಗೆ ಬಂದ ಕಡೆಯೆಲ್ಲ ಬೇರಿನಂಥ ಎಳೆಗಳನ್ನು ಬಿಡುತ್ತದೆ. ಉಬ್ಬಿನಲ್ಲಿ ಸಣ್ಣ ಸಣ್ಣ ತಗ್ಗುಗಳಾಗಿ ಈ ಎಳೆಗಳು ಅದರೊಳಗೆ ಕೂರುತ್ತವೆ. ಅಂಗಿಯ ಗುಂಡಿಗೆ ಕಾಜ ಇದ್ದ ಹಾಗೆ. ಮೊದಲು ಭ್ರೂಣದ ಹತ್ತಿರ, ಆಮೇಲೆ ಉದ್ದಕ್ಕೂ. ಕರು ಬೆಳೆದ ಹಾಗೆ ಗುಂಡಿಗಳೂ ದಪ್ಪ ಆಗುತ್ತವೆ. ಮೇವಿನ ಸಾರ, ಆಮ್ಲಜನಕ ಎಲ್ಲವೂ ಈ ಗುಂಡಿಗಳ ಮೂಲಕವೇ ತಾಯಿಯಿಂದ ಕರುವಿಗೆ ಹೋಗುವುದು.

ಗೋಣಿಚೀಲದ ಮೇಲೆ ನಾನು ಎಣಿಸಿದ್ದು ಇದೇ ಗುಂಡಿಗಳನ್ನು. ಅವುಗಳ ಇನ್ನೊಂದು ಅರ್ಧ ಹಸುವಿನ ಒಳಗೇ ಇತ್ತು.

ಎಲ್ಲ ಪ್ರಾಣಿಗೂ ಹೀಗೇ ಅಲ್ಲ

ಹಂದಿಯಲ್ಲಿ ಗುಂಡಿ ಇಲ್ಲ. ಮಾಸು ಇಡೀ ಗರ್ಭಕೋಶಕ್ಕೆ ಹಗುರವಾಗಿ ಹಾಸಿಕೊಂಡಿರುತ್ತದೆ, ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ನಾಯಿಯಲ್ಲಿ ಮರಿಯ ಸುತ್ತ ಬಳೆಯ ಹಾಗೆ ಒಂದು ಪಟ್ಟಿ, ಅದು ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಕುದುರೆಯ ಮಾಸು ಹಂದಿಯ ಹಾಗೇ ಹಗುರ, ಆದರೆ ಸುಮಾರು 36ರಿಂದ 38ನೇ ದಿನಕ್ಕೆ ಅದರ ಒಂದು ಭಾಗದ ಜೀವಕೋಶಗಳು ಗರ್ಭಕೋಶದೊಳಗೆ ನುಗ್ಗಿ ಬಟ್ಟಲಿನಂಥ ಗಂಟುಗಳನ್ನು ಕಟ್ಟುತ್ತವೆ. ಆ ಗಂಟುಗಳು ಬಿಡುವ ಹಾರ್ಮೋನನ್ನು ಪಿ.ಎಂ.ಎಸ್.ಜಿ. ಅನ್ನುವ ಹೆಸರಿನಲ್ಲಿ ಹಸು, ಕುರಿಗಳನ್ನು ಬೆದೆಗೆ ತರಲು ಬಳಸುತ್ತಾರೆ.

ಎಲ್ಲಕ್ಕಿಂತ ಆಳಕ್ಕೆ ಇಳಿಯುವ ಮಾಸುಗಳಲ್ಲಿ ಮನುಷ್ಯರದು ಒಂದು. ಗರ್ಭ ನಿಂತ ಆರೇಳು ದಿನಕ್ಕೇ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿ, ಹತ್ತು–ಹನ್ನೆರಡು ದಿನಕ್ಕೆ ಪೂರ್ತಿ ಒಳಗೆ ಹೂತುಕೊಳ್ಳುತ್ತದೆ, ಬಿತ್ತಿದ ಬೀಜ ಮಣ್ಣಿನೊಳಗೆ ಮುಚ್ಚಿಹೋದ ಹಾಗೆ. ಅಲ್ಲಿಂದ ಮಾಸಿನ ಜೀವಕೋಶಗಳು ಗೋಡೆಯ ಸ್ನಾಯುವಿನ ಒಳಗಿನ ಮೂರನೇ ಒಂದು ಭಾಗದವರೆಗೂ ಇಳಿಯುತ್ತವೆ. ತಾಯಿಯ ಸುರುಳಿ ರಕ್ತನಾಳಗಳ ಗೋಡೆಯನ್ನು ಬದಲಾಯಿಸಿ ಅವನ್ನು ಅಗಲ ಮಾಡುತ್ತವೆ. ಇಕ್ಕಟ್ಟಾದ ಪೈಪು ಅಗಲದ ಕಾಲುವೆ ಆದ ಹಾಗೆ. ಈ ಕೆಲಸ ಐದನೇ ತಿಂಗಳ ಹೊತ್ತಿನವರೆಗೂ ನಡೆಯುತ್ತದೆ. ಕೊನೆಗೆ ತಾಯಿಯ ರಕ್ತ ನೇರವಾಗಿ ಮಾಸಿನ ಎಳೆಗಳನ್ನು ತೊಳೆಯುತ್ತದೆ.

ನಾವು ಹಸು, ಹೆಂಗಸು ಎರಡಕ್ಕೂ ಗರ್ಭ ಅನ್ನುವ ಒಂದೇ ಪದ ಬಳಸುತ್ತೇವೆ. ಒಳಗಿನ ಕಟ್ಟು ಮಾತ್ರ ಬೇರೆ ಬೇರೆ. ಅದಕ್ಕೇ ಆರೈಕೆಯೂ ಬೇರೆ.

ಈಗ ಕೊಟ್ಟಿಗೆಗೆ ಬರೋಣ

1. ಮೊದಲ 45 ದಿನ ಹಸುವನ್ನು ಜೋಪಾನ ಮಾಡಿ

ಸೆಮೆನ್ ಹಾಕಿಸಿದ ಮೊದಲ ವಾರ ಭ್ರೂಣಕ್ಕೆ ಬಿಸಿಲಿನ ತಾಪ ತಡೆಯುವುದಿಲ್ಲ. ಮಾರ್ಚಿಯಿಂದ ಮೇವರೆಗೆ ಶೀಟಿನ ಕೊಟ್ಟಿಗೆ ಒಲೆಯ ಹಾಗಿರುತ್ತೆ. ಆ ದಿನಗಳಲ್ಲಿ ಮರದ ನೆರಳು, ದಿನವಿಡೀ ಕುಡಿಯುವ ನೀರು, ಆದರೆ ಫ್ಯಾನು ಕೊಡಿ. ದೂರದ ಸಾಗಾಟ, ಹಸುಗಳ ಕಾದಾಟ, ಮೇವಿನಲ್ಲಿ ದಿಢೀರ್ ಬದಲಾವಣೆ ಬೇಡ. ಖನಿಜ ಮಿಶ್ರಣ ನಿಲ್ಲಿಸಬೇಡಿ.

18ರಿಂದ 24ನೇ ದಿನದವರೆಗೆ ಬೆಳಿಗ್ಗೆ ಸಂಜೆ ಬೆದೆ ನೋಡಿ. ಆ ದಿನಗಳು ದಾಟಿ ತಡವಾಗಿ ಬೆದೆಗೆ ಬಂದರೆ, ಗಬ್ಬ ನಿಂತು ಹೋಗಿರುವ ಸಾಧ್ಯತೆ ಇದೆ ಅಂತ ಡಾಕ್ಟ್ರಿಗೆ ದಿನಾಂಕ ಸಮೇತ ಹೇಳಿ. ಗಬ್ಬ ಇರುವ ಕೆಲವು ಹಸುಗಳೂ ಬೆದೆಯ ಲಕ್ಷಣ ತೋರಿಸುತ್ತವೆ, ಹಾಗಾಗಿ ಅನುಮಾನ ಇದ್ದರೆ ಪರೀಕ್ಷೆ ಮಾಡಿಸದೆ ಮತ್ತೆ ಸೆಮೆನ್ ಹಾಕಿಸಬೇಡಿ.

ಇನ್ನೊಂದು ಮುಖ್ಯ ಮಾತು. "ಬೆದೆಗೆ ಬರಿಸೋ ಇಂಜೆಕ್ಷನ್" ಅಂತ ಕೊಡುವುದು ಹೆಚ್ಚಾಗಿ ಪ್ರೊಸ್ಟಾಗ್ಲ್ಯಾಂಡಿನ್. ಮೇಲೆ ಹೇಳಿದ ಹಳದಿ ಗಂಟನ್ನು ಕರಗಿಸುವುದು ಅದೇ. ಗಬ್ಬದ ಹಸುವಿಗೆ ಅದು ಬಿದ್ದರೆ ಗಬ್ಬ ಹೋಗುತ್ತದೆ. ಗಬ್ಬ ಇಲ್ಲ ಅಂತ ಖಾತ್ರಿ ಆಗದೆ ಹಾಕಿಸಬೇಡಿ.

2. ಕಸ ಎಳೆಯಬೇಡಿ, ಕಲ್ಲು ಕಟ್ಟಬೇಡಿ

ಕರು ಹಾಕುವ ಕೊನೆಯ ವಾರಗಳಲ್ಲಿ ಗುಂಡಿಗಳು ಮಾಗುತ್ತವೆ. ಹಣ್ಣಿನ ತೊಟ್ಟು ಸಡಿಲ ಆದ ಹಾಗೆ. ತಾಯಿಯ ಕಡೆಯ ಪದರ ತೆಳುವಾಗುತ್ತದೆ. ತಾಯಿಯ ಬಿಳಿ ರಕ್ತಕಣಗಳು ಬಂದು ಎರಡರ ನಡುವಿನ ಅಂಟನ್ನು ಕರಗಿಸುತ್ತವೆ. ಕರು ಹೊರಬಂದು ಹೊಕ್ಕುಳಬಳ್ಳಿ ಹರಿದ ಮೇಲೆ ಎಳೆಗಳಲ್ಲಿ ರಕ್ತ ಇಲ್ಲದೆ ಸುಕ್ಕುತ್ತವೆ, ಗರ್ಭಕೋಶ ಹಿಂಡುತ್ತದೆ, ಒಂದೊಂದೇ ಗುಂಡಿ ಕಾಜದಿಂದ ಬಿಡುತ್ತದೆ. ಸಾಮಾನ್ಯವಾಗಿ 12 ಗಂಟೆಯೊಳಗೆ ಕಸ ಬೀಳುತ್ತದೆ.

ದಿನ ತುಂಬದೆ ಕರು ಹಾಕಿದಾಗ, ಅವಳಿ ಕರು ಆದಾಗ, ಕಂದು ಹಾಕಿದಾಗ, ಕಷ್ಟದ ಹೆರಿಗೆ ಆದಾಗ, ಕ್ಯಾಲ್ಸಿಯಂ ಕಡಿಮೆ ಆದಾಗ, ಇ ಜೀವಸತ್ವ ಮತ್ತು ಸೆಲೆನಿಯಂ ಕೊರತೆ ಇದ್ದಾಗ ಈ ಕೆಲಸ ತಡ ಆಗುತ್ತದೆ. ಅಂದರೆ ಕಸ ನಿಂತಿದೆ ಅನ್ನುವುದಕ್ಕೆ ಅರ್ಥ ಅಂಟು ಇನ್ನೂ ಕರಗಿಲ್ಲ ಅಂತ. ಆಗ ಬಲವಂತ ಮಾಡಿದರೆ ಗುಂಡಿ ಬಿಚ್ಚುವುದಿಲ್ಲ, ಕಾಜದ ಸಮೇತ ಬಟ್ಟೆ ಹರಿಯುತ್ತದೆ. ಆ ಗಾಯದಿಂದ ರಕ್ತ ಸುರಿಯುತ್ತದೆ, ಸೋಂಕು ಸೇರುತ್ತದೆ. ಮುಂದಿನ ಗಬ್ಬದ ದಾರ ಬಂದು ಅಂಟಬೇಕಾದ ಜಾಗವೂ ಅದೇ. ನಮ್ಮ ಹಸು ವರ್ಷವಾದರೂ ಗಬ್ಬ ಕಟ್ಟದ್ದು ಯಾಕೆ ಅಂತ ನನಗೆ ಆಮೇಲೆ ಅರ್ಥವಾಯಿತು.

ಏನು ಮಾಡಬೇಕು:
– ನೇತಾಡುವ ಕಸಕ್ಕೆ ಕಲ್ಲು, ಭಾರ ಏನೂ ಕಟ್ಟಬೇಡಿ. ನೆಲಕ್ಕೆ ತಾಗುವಷ್ಟು ಉದ್ದ ಇದ್ದರೆ ಡಾಕ್ಟ್ರು ಬಂದು ಕತ್ತರಿಸಿ ಗಿಡ್ಡ ಮಾಡುತ್ತಾರೆ.
– ಹಸು ಮೇಯುತ್ತಿದ್ದರೆ, ಜ್ವರ ಇಲ್ಲದಿದ್ದರೆ ಗಾಬರಿ ಬೇಡ. 12 ಗಂಟೆ ಕಳೆದರೂ ಬೀಳದಿದ್ದರೆ ಡಾಕ್ಟ್ರಿಗೆ ಫೋನ್ ಮಾಡಿ ತಿಳಿಸಿ, 24 ಗಂಟೆ ದಾಟಿದರೆ ಕರೆಸಿ ತೋರಿಸಲೇಬೇಕು.
– ಥರ್ಮಾಮೀಟರ್ ಇಟ್ಟುಕೊಳ್ಳಿ. ಹಸುವಿನ ಸಹಜ ಉಷ್ಣ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ, ಮೇವು ಬಿಟ್ಟರೆ, ಕೆಟ್ಟ ವಾಸನೆ ಬಂದರೆ ಗಂಟೆ ಲೆಕ್ಕ ಹಾಕದೆ ತಕ್ಷಣ ಕರೆಯಿರಿ. ಸಹಾಯವಾಣಿ ಸಂಖ್ಯೆ 1962.
– ಆಂಟಿಬಯೋಟಿಕ್ ಕೊಟ್ಟರೆ ಡಾಕ್ಟ್ರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕಬೇಡಿ.
– ಮುಂದಿನ ಸಲ ಹೀಗಾಗದಿರಲು, ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿ, ಖನಿಜ ಮಿಶ್ರಣ ಮತ್ತು ಹಸಿ ಮೇವು ಕೊಡಿ, ದಿನಾ ಸ್ವಲ್ಪ ಓಡಾಡಿಸಿ.

3. ಕಸ ಬೀಳುವವರೆಗೆ ಕಾಯದೆ ಗಿಣ್ಣಿನ ಹಾಲು ಕೊಡಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾಸು ಆಳಕ್ಕೆ ಇಳಿಯುವುದಕ್ಕೂ ಕರುವಿನ ಪ್ರಾಣಕ್ಕೂ ಸಂಬಂಧ ಇದೆ. ಮನುಷ್ಯರಲ್ಲಿ ತಾಯಿಯ ರಕ್ತ ಮಾಸನ್ನು ನೇರ ಮುಟ್ಟುತ್ತದೆ, ರೋಗ ತಡೆಯುವ ಪ್ರತಿಕಾಯಗಳು ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಹೋಗುತ್ತವೆ. ಹಸುವಿನಲ್ಲಿ ತಾಯಿ ರಕ್ತಕ್ಕೂ ಕರು ರಕ್ತಕ್ಕೂ ನಡುವೆ ಪದರಗಳು ಹಾಗೇ ಉಳಿದಿರುತ್ತವೆ. ಪ್ರತಿಕಾಯ ಅಲ್ಲಿ ದಾಟುವುದಿಲ್ಲ. ಅದಕ್ಕೇ ಕರು ಹುಟ್ಟುವಾಗ ಅದರ ಮೈಯಲ್ಲಿ ತಾಯಿ ಕೊಟ್ಟ ರೋಗನಿರೋಧಕ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು. ಎಲ್ಲವೂ ಗಿಣ್ಣಿನ ಹಾಲಲ್ಲಿ ಇರುತ್ತದೆ. ಕುರಿ, ಮೇಕೆ, ಹಂದಿ, ಕುದುರೆ ಮರಿಗಳಿಗೂ ಇದೇ ಮಾತು.

ಕರುವಿನ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಮೊದಲ ಗಂಟೆಗಳಲ್ಲಿ. ಆರು ಗಂಟೆಯ ಮೇಲೆ ಕಡಿಮೆಯಾಗುತ್ತಾ ಹೋಗಿ 24 ಗಂಟೆಗೆ ಬಾಗಿಲು ಮುಚ್ಚುತ್ತದೆ. ಆಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಅದು ಆಹಾರ ಅಷ್ಟೇ. ನಮ್ಮ ಕರು ಮಧ್ಯಾಹ್ನದವರೆಗೆ ಉಪವಾಸ ಇದ್ದಾಗ ಕಳೆದುಕೊಂಡದ್ದು ಈ ಗಂಟೆಗಳನ್ನು.

ಲೆಕ್ಕ ಸುಲಭ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣು. 30 ಕೆಜಿ ಕರುವಿಗೆ ಮೂರು ಲೀಟರ್. ಅರ್ಧದಷ್ಟು ಹುಟ್ಟಿದ ಎರಡು ಗಂಟೆಯೊಳಗೆ, ಮಿಕ್ಕಿದ್ದು 12 ಗಂಟೆಯೊಳಗೆ. ಮಿಕ್ಕರೆ ಮನೆಯಲ್ಲಿ ಗಿಣ್ಣು ಮಾಡಿ ತಿನ್ನಿ, ಬೀದಿಗೂ ಹಂಚಿ. ಮೊದಲ ಪಾಲು ಕರುವಿನದು.

ಕರು ಹಾಲು ಕುಡಿದರೆ ಕಸ ನಿಲ್ಲುತ್ತದೆ ಅನ್ನುವುದು ಉಲ್ಟಾ. ಕರು ಮೊಲೆ ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡುವಂತೆ ಮಾಡುವುದೂ ಅದೇ.

4. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಲಿ ಮುಟ್ಟಬೇಡಿ

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್. ಇದರ ರೋಗಾಣು ಹಸುವಿನ ಮೈಯಲ್ಲಿ ಹುಡುಕಿಕೊಂಡು ಹೋಗುವುದೇ ಮಾಸಿನ ಜೀವಕೋಶಗಳನ್ನು. ಅಲ್ಲಿ ಕೋಟಿಗಟ್ಟಲೆ ಬೆಳೆದು ಗುಂಡಿಗಳನ್ನು ಕೊಳೆಸುತ್ತದೆ. ಐದು ತಿಂಗಳು ದಾಟಿದ ಗಬ್ಬ ಬೀಳುತ್ತದೆ, ಕಸ ನಿಲ್ಲುತ್ತದೆ. ಆ ಕಸವನ್ನು ಬರಿಗೈಲಿ ಎಳೆದವರಿಗೆ, ಆ ಹಸುವಿನ ಹಾಲು ಕಾಯಿಸದೆ ಕುಡಿದವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ.

ಕಸ, ಸತ್ತ ಕಂದು ಮುಟ್ಟುವಾಗ ಗ್ಲೌಸ್ ಹಾಕಿ. ನಾಯಿಗೆ ಸಿಗದ ಹಾಗೆ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಗಬ್ಬ ಬಿದ್ದ ಹಸುವಿನ ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಒಮ್ಮೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಇದೂ ಸೇರಿದೆ. ಗಬ್ಬದ ಹಸುವಿಗೆ, ಹೋರಿಕರುವಿಗೆ ಈ ಲಸಿಕೆ ಹಾಕುವುದಿಲ್ಲ.

5. ಮನೆಯ ಹೆಣ್ಣುಮಕ್ಕಳ ವಿಷಯಕ್ಕೂ ಒಂದು ಮಾತು

ಹಸುವಿನ ಗಬ್ಬ ಪರೀಕ್ಷೆಗೆ ಡಾಕ್ಟ್ರನ್ನು ಹುಡುಕಿಕೊಂಡು ಹೋಗುವ ನಾವು, ಮನೆಯಲ್ಲಿ ಬಸುರಿ ಇದ್ದಾಗ "ಚೆನ್ನಾಗೇ ಇದಾಳೆ, ಮುಂದಿನ ತಿಂಗಳು ಹೋದ್ರಾಯ್ತು" ಅಂತೀವಿ. ಮನುಷ್ಯರ ಮಾಸು ಆಳಕ್ಕೆ ಇಳಿದು ರಕ್ತನಾಳ ಅಗಲ ಮಾಡಬೇಕು ಅಂತ ಹೇಳಿದೆನಲ್ಲ. ಆ ಕೆಲಸ ಮೊದಲ ತಿಂಗಳುಗಳಲ್ಲಿ ಸರಿಯಾಗಿ ಆಗದಿದ್ದರೆ ಐದನೇ ತಿಂಗಳ ನಂತರ ಬಿ.ಪಿ. ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇವು ಅದರ ಸೂಚನೆ. ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಆಗಬಹುದು. ಇನ್ನು ಹಿಂದೆ ಸಿಸೇರಿಯನ್ ಆದ ಗಾಯದ ಜಾಗದಲ್ಲಿ ಮಾಸು ಕೂತರೆ ಅತಿ ಆಳಕ್ಕೆ ಇಳಿದು, ಹೆರಿಗೆಯಲ್ಲಿ ಬಿಡದೆ ವಿಪರೀತ ರಕ್ತಸ್ರಾವ ಆಗಬಹುದು. ಅದು ಸ್ಕ್ಯಾನಿನಲ್ಲಿ ಮುಂಚೆಯೇ ಗೊತ್ತಾಗುತ್ತದೆ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ತಾಯಿ ಕಾರ್ಡ್ ಹಿಡಿದು ಕರೆದುಕೊಂಡು ಹೋಗಿ, ಬಿ.ಪಿ. ಎಷ್ಟು ಅಂತ ನೀವೂ ಕೇಳಿ ಬರೆದಿಟ್ಟುಕೊಳ್ಳಿ. ಮೇಲಿನ ಸೂಚನೆ ಒಂದು ಕಂಡರೂ 9ನೇ ತಾರೀಕಿಗೆ ಕಾಯಬೇಡಿ, ಅವತ್ತೇ ಹೋಗಿ. ನಮ್ಮ ಕಡೆಯವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಇದೆ.

ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ

ಸೆಮೆನ್ ಹಾಕಿಸಿದ ದಿನವನ್ನು ಸೊನ್ನೆ ಅಂತ ಇಟ್ಟುಕೊಂಡು ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಅಲಾರಂ ಇಡಿ. ನಾನೂ ಹೀಗೇ ಮಾಡುತ್ತೇನೆ.

0–7: ಬಿಸಿಲಿನಿಂದ ರಕ್ಷಣೆ
18–24: ಬೆದೆ ಗಮನಿಸುವುದು
30ರ ನಂತರ: ಸೌಲಭ್ಯ ಇದ್ದರೆ ಸ್ಕ್ಯಾನ್ ಅಥವಾ ರಕ್ತ ಪರೀಕ್ಷೆ
60–90: ಡಾಕ್ಟ್ರ ಕೈಯಲ್ಲಿ ಗಬ್ಬ ಪರೀಕ್ಷೆ
220: ಹಾಲು ಬತ್ತಿಸುವುದು
280ರ ಆಸುಪಾಸು: ಕರು, ಎರಡು ಗಂಟೆಯೊಳಗೆ ಗಿಣ್ಣು
ಕರು ಹಾಕಿ 12 ಗಂಟೆ: ಕಸ ಬಿದ್ದಿದೆಯಾ ನೋಡುವುದು

ಅಜ್ಜಿಗೆ ಇದನ್ನೆಲ್ಲ ವಿವರಿಸಿದಾಗ ಮೊದಲು ಒಪ್ಪಲಿಲ್ಲ. "ನಮ್ ಕಾಲದಲ್ಲಿ ಏನಾಗಿತ್ತು" ಅಂದರು. ಮುಂದಿನ ಹಸು ಕರು ಹಾಕಿದಾಗ ನಾನು ಕಸ ಬೀಳುವ ಮುಂಚೆಯೇ ಕರುವನ್ನು ಮೊಲೆಗೆ ಬಿಟ್ಟೆ. ಅಜ್ಜಿ ಮಾತಾಡದೆ ನೋಡುತ್ತಾ ಕೂತಿದ್ದರು. ಬೆಳಿಗ್ಗೆ ಕಸ ತಾನಾಗೇ ಬಿದ್ದಿತ್ತು. ಆ ಕರು ಈಗ ಕಡಸಾಗಿದೆ, ಕಳೆದ ತಿಂಗಳು ಮೊದಲ ಸಲ ಬೆದೆಗೆ ಬಂತು.

ನಿಮ್ಮ ಮನೆಯಲ್ಲಿ ಈ ತಿಂಗಳು ಕರು ಹಾಕುವ ಹಸು ಇದ್ದರೆ ಒಂದು ಜೊತೆ ಗ್ಲೌಸ್, ಒಂದು ಥರ್ಮಾಮೀಟರ್ ಇವತ್ತೇ ತಂದಿಟ್ಟುಕೊಳ್ಳಿ.